ಹಬೆಯ ಹಂಡೆಗೊಬ್ಬ ಕಾವಲುಗಾರ

ನೀರು ಬೆಂಕಿಗಳು ಪರಸ್ಪರ ವೈರಿಗಳೆಂಬುದು ಲೋಕರೂಢಿಯ ಮಾತು. ನೀರು ಬೆಂಕಿಯನ್ನು ನಂದಿಸುತ್ತದೆ. ಬೆಂಕಿ ನೀರನ್ನು ಬತ್ತಿಸುತ್ತದೆ. ಆದರೆ ಇವೆರಡರ ನಡುವೆ ಲೋಹದ ಗೋಡೆಯೊಂದನ್ನಿರಿಸಿ, ಒಂದು ಇನ್ನೊಂದನ್ನು ಕೊಲ್ಲದಂತೆ ಕಾಯ್ದುಕೊಂಡರೆ, ಆ ವೈರದ ಬಲದಿಂದಲೇ ಹಡಗು ಕಡಲನ್ನು ದಾಟುತ್ತದೆ, ಕಬ್ಬಿನ ಗಾಣ ತಿರುಗುತ್ತದೆ, ನೂರಾರು ಮಕ್ಕಳ ಅನ್ನ ಬೇಯುತ್ತದೆ. ಆ ಗೋಡೆಯನ್ನು ಕಾಯುವುದೂ ಒಂದು ವಿದ್ಯೆಯೇ. ಆ ವಿದ್ಯೆಯನ್ನು ಆಯುಷ್ಯವಿಡೀ ಕಾಯಕವಾಗಿ ನಡೆಸಿದ ಹಿರಿಯರೊಬ್ಬರು ಆಳಂದ ಸೀಮೆಯಲ್ಲಿದ್ದಾರೆ. ಪ್ರಸಾದ ನಿಲಯದ ಹುಡುಗರು ಅವರನ್ನು ‘ಬಾಯ್ಲರ್ ಮುತ್ಯಾ’ ಎಂದೇ ಕರೆಯುವರು. ಹೆಸರು ಹೇಳುವುದು ಅವರಿಗೆ ಹಿಡಿಸದ ಸಂಗತಿಯಾದುದರಿಂದ ಇಲ್ಲಿಯೂ ಆ ಹೆಸರೇ ಸಾಕು.

ಮುತ್ಯಾ ಅವರ ವಯಸ್ಸು ಎಂಬತ್ತನ್ನು ದಾಟಿದೆ. ಅಮರ್ಜಾ ಹೊಳೆಯ ದಂಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಮಠದ ಶಾಲೆಯಲ್ಲಿ ಅಕ್ಷರ ಕಲಿತು, ಪ್ರಸಾದ ನಿಲಯದ ಅನ್ನ ಉಂಡು ಬೆಳೆದವರು. ಕಳೆದ ಶತಮಾನದ ಅರವತ್ತರ ದಶಕದಲ್ಲಿ ಕಲಬುರಗಿಯಿಂದ ಉಗಿಬಂಡಿ ಹತ್ತಿ ಮುಂಬಯಿಗೆ ಹೋದ ಹುಡುಗ, ಅಲ್ಲಿ ಸರಕು ಹಡಗೊಂದರ ಯಂತ್ರಕೋಣೆಗೆ ಸೇರಿಕೊಂಡರು. ಕಡಲನ್ನೇ ಕಾಣದ ನಾಡಿನಿಂದ ಬಂದವರಿಗೆ ಹಡಗಿನಲ್ಲಿಯೂ ಕಡಲು ಕಂಡದ್ದು ಅಪರೂಪ. ನಾಲ್ಕು ತಾಸಿನ ಸರದಿಯಲ್ಲಿ ಅವರ ಕಣ್ಣು ನೆಟ್ಟಿರುತ್ತಿದ್ದುದು ಗೇಣುದ್ದದ ಗಾಜಿನ ಕೊಳವೆಯೊಂದರ ಮೇಲೆ. ಬಾಯ್ಲರಿನೊಳಗೆ ನೀರು ಎಷ್ಟಿದೆಯೆಂಬುದನ್ನು ಹೊರಗಿದ್ದವನಿಗೆ ತೋರಿಸುವ ಕೊಳವೆ ಅದು. ಹಡಗುಗಳಲ್ಲಿ ಉಗಿಯ ಕಾಲ ಹಿಂಜರಿದು ಡೀಸೆಲ್ ಎಂಜಿನ್ನುಗಳು ಆ ಸ್ಥಾನವನ್ನು ಆಕ್ರಮಿಸಿದಾಗ ಅವರು ಊರ ಕಡೆಗೆ ಮರಳಿ, ಗಡಿಯಾಚೆಯ ಸೊಲ್ಲಾಪುರ ಸೀಮೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಅಟೆಂಡೆಂಟರಾದರು. ಕಡಲು ಬದಲಾಗಿ ಕಬ್ಬು ಬಂದಿತು. ಗಾಜಿನ ಕೊಳವೆ ಮಾತ್ರ ಬದಲಾಗಲಿಲ್ಲ.

ನಿವೃತ್ತಿಯ ನಂತರ ವಾರಕ್ಕೊಮ್ಮೆ ಶಾಲೆಯ ಕಟ್ಟೆಗೆ ಬಂದು ಕುಳಿತುಕೊಳ್ಳುವುದು ಅವರ ರೂಢಿ. ಸಂಜೆಯ ಆಟ ಮುಗಿಸಿದ ಹುಡುಗರು ಸುತ್ತ ನೆರೆಯುವರು. ಕನ್ನಡದಲ್ಲಿ ಆವಿ, ಉಗಿ, ಹಬೆ ಎಂಬ ಮೂರು ಮಾತುಗಳಿವೆ. ಇವು ಮೂರೂ ಒಂದೇ ಎಂದು ಶಾಲೆಯಲ್ಲಿ ಕಲಿತ ಹುಡುಗರಿಗೆ ಮುತ್ಯಾ ಮೊದಲು ಹೇಳುವುದು, ನಿಜವಾದ ಹಬೆ ಕಣ್ಣಿಗೆ ಕಾಣುವುದೇ ಇಲ್ಲವೆಂದು. ಚಹದ ಕಿಟಲಿಯ ಮೂತಿಗೆ ಹತ್ತಿಕೊಂಡಂತೆ ಬೆರಳಗಲ ಜಾಗ ಬರಿದಾಗಿ ತೋರುತ್ತದೆ, ಅಲ್ಲಿರುವುದು ಹಬೆ. ಅದರಾಚೆ ಬೆಳ್ಳಗೆ ಸುಳಿಯುವುದು ತಂಪಾಗಿ ಮರಳಿ ನೀರಾದ ಹನಿಗಳ ಮೋಡ. ಅಧಿಕ ಒತ್ತಡದ ಕೊಳವೆ ಸೀಳಿದಾಗ ಸಪ್ಪಳ ಕೇಳುವುದೇ ಹೊರತು ಹಬೆ ಕಾಣದು. ಕೈಯಿಂದ ತಡವಿ ಹುಡುಕಹೊರಟವನಿಗೆ ಆ ಕೈ ಉಳಿಯದು.

ಹಬೆಯ ಬಲದ ಮೂಲವೂ ಸರಳವಾದುದೇ. ಒಂದು ಗ್ರಾಂ ನೀರನ್ನು ಹಿಮದ ತಂಪಿನಿಂದ ಕುದಿಯುವ ಮಟ್ಟಕ್ಕೆ ತರಲು 100 ಕ್ಯಾಲರಿ ಶಾಖ ಸಾಕು. ಆದರೆ ಕುದಿಯುವ ಆ ನೀರನ್ನೇ ಹಬೆಯಾಗಿಸಲು ಮತ್ತೆ ಸುಮಾರು 540 ಕ್ಯಾಲರಿ ಬೇಕು. ಇಷ್ಟು ಶಾಖವನ್ನು ಒಡಲಲ್ಲಿ ಬಚ್ಚಿಟ್ಟುಕೊಂಡ ಹಬೆ, ತೆರೆದ ಗಾಳಿಯಲ್ಲಿ ನೀರಿನ ಗಾತ್ರದ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹಿಗ್ಗಲು ಬಿಡದೆ ಉಕ್ಕಿನ ಪಾತ್ರೆಯಲ್ಲಿ ಬಂಧಿಸಿದರೆ ಒತ್ತಡವಾಗುತ್ತದೆ. ಆ ಒತ್ತಡವನ್ನು ಕೊಂತದ ಮೇಲೋ ಟರ್ಬೈನಿನ ಅಲಗುಗಳ ಮೇಲೋ ಹರಿಯಬಿಟ್ಟರೆ ಚಲನೆಯಾಗುತ್ತದೆ. ಇಂಗ್ಲೆಂಡಿನಲ್ಲಿ 1698ರಲ್ಲಿ ಸೇವರಿ, 1712ರಲ್ಲಿ ನ್ಯೂಕಮೆನ್ ಕಟ್ಟಿದ ಮೊದಲ ಉಗಿಯಂತ್ರಗಳು ಗಣಿಗಳ ನೀರನ್ನು ಮೇಲೆತ್ತುವುದಕ್ಕೆಂದೇ ಹುಟ್ಟಿದವು. ಹಾಗೆ ನೋಡಿದರೆ ಪಂಪು ಉಗಿಯ ಚೊಚ್ಚಲ ಮಗು. ಹಡಗೂ ರೈಲೂ ಆಮೇಲೆ ಬಂದವು.

ಒಮ್ಮೆ ಜೇವರ್ಗಿ ಕಡೆಯ ಹುಡುಗನೊಬ್ಬ ಕೇಳಿದನು: “ಮುತ್ಯಾ, ಹಡಗಿನ ಸುತ್ತ ಕಡಲು ತುಂಬ ನೀರೇ ಇರ್ತದಲ್ರೀ, ಮತ್ತ ನೀರಿನ ಚಿಂತಿ ಯಾಕ್ರೀ?”

ಮುತ್ಯಾ ನಕ್ಕರು. “ನಿಮ್ಮ ಮನಿ ಬಂಬದಾಗ ಒಳಗ ಏನು ಕಟ್ಟಿರ್ತದೋ ತಮ್ಮಾ?”

“ಸುಣ್ಣದ ಹಕ್ಕಳಿ ಕಟ್ಟಿರ್ತದ್ರೀ.”

“ಬಾವಿ ನೀರಿಗೇ ಅಷ್ಟು ಕಟ್ಟಿದ್ರ, ಕಡಲ ನೀರಿಗೆ ಎಷ್ಟು ಕಟ್ಟಬ್ಯಾಡ?”

ಜೇವರ್ಗಿಯ ನೆಲ ಸುಣ್ಣಕಲ್ಲಿನ ನೆಲ. ಮನೆಮನೆಯ ಹಾಸುಗಲ್ಲು ಬರುವುದೂ ಆ ಸ್ತರದಿಂದಲೇ. ಅಲ್ಲಿಯ ಗಡಸು ನೀರನ್ನು ಕಾಯಿಸಿದ ಪಾತ್ರೆಯೊಳಗೆ ಬಿಳಿಯ ಪದರು ಕೂಡುವುದನ್ನು ಹೆಣ್ಣುಮಕ್ಕಳೆಲ್ಲ ಬಲ್ಲರು. ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಮೊದಮೊದಲ ಹಡಗುಗಳು ಕಡಲ ನೀರನ್ನೇ ಕುದಿಸುತ್ತಿದ್ದವು. ಉಪ್ಪು ದಟ್ಟವಾಗದಂತೆ ಬಿಸಿನೀರಿನ ಒಂದು ಪಾಲನ್ನು ಮೇಲಿಂದ ಮೇಲೆ ಹೊರಚೆಲ್ಲಬೇಕಾಗುತ್ತಿತ್ತು, ಅದರೊಡನೆ ಕಲ್ಲಿದ್ದಲಿನ ಶಾಖವೂ ಕಡಲ ಪಾಲಾಗುತ್ತಿತ್ತು. ಅಷ್ಟಾದರೂ ಗೋಡೆಯ ಮೇಲೆ ಹಕ್ಕಳೆ ಕಟ್ಟುವುದು ತಪ್ಪಲಿಲ್ಲ. ಹಕ್ಕಳೆ ಶಾಖವನ್ನು ದಾಟಗೊಡದು. ಆಗ ಆಚೆಯ ಬೆಂಕಿ ಉಕ್ಕನ್ನೇ ಕಾಯಿಸುತ್ತದೆ, ಕಾದ ಉಕ್ಕು ಮೆತ್ತಗಾಗಿ ಉಬ್ಬುತ್ತದೆ, ಕೊನೆಗೊಮ್ಮೆ ಬಿರಿಯುತ್ತದೆ.

ಇದಕ್ಕೆ ಪರಿಹಾರವಾಗಿ ಬಂದುದು ಹಬೆಯನ್ನು ಮರಳಿ ನೀರಾಗಿಸುವ ಕಂಡೆನ್ಸರು. ಸ್ಯಾಮ್ಯುವೆಲ್ ಹಾಲ್ ಎಂಬ ಆಂಗ್ಲನು 1834ರಲ್ಲಿ ಇಂಥದೊಂದಕ್ಕೆ ಹಕ್ಕುಪತ್ರ ಪಡೆದನು. ಸಣ್ಣ ಕೊಳವೆಗಳ ಕಟ್ಟಿನೊಳಗೆ ತಣ್ಣನೆಯ ಕಡಲ ನೀರು ಹರಿಯುತ್ತದೆ. ದುಡಿದು ದಣಿದ ಹಬೆ ಆ ಕೊಳವೆಗಳ ಹೊರಮೈಗೆ ತಾಗಿ ಹನಿಯಾಗಿ ತೊಟ್ಟಿಕ್ಕುತ್ತದೆ. ಎರಡು ನೀರುಗಳು ಪಕ್ಕಪಕ್ಕದಲ್ಲಿಯೇ ಹರಿದರೂ ಒಂದನ್ನೊಂದು ಮುಟ್ಟುವುದಿಲ್ಲ. ಹನಿಗೂಡಿದ ಆ ಶುದ್ಧಜಲವನ್ನು ಪಂಪು ಎತ್ತಿ ಮತ್ತೆ ಬಾಯ್ಲರಿಗೆ ಉಣಿಸುತ್ತದೆ. ಬಾಯ್ಲರು, ಟರ್ಬೈನು, ಕಂಡೆನ್ಸರು, ಪಂಪು, ಪುನಃ ಬಾಯ್ಲರು: ಇದೊಂದು ಮುಗಿಯದ ಸುತ್ತು. ಅದೇ ನೀರು ಸಾವಿರಾರು ಸಲ ಹಬೆಯಾಗಿ ಸಾವಿರಾರು ಸಲ ನೀರಾಗುತ್ತದೆ. ಸೋರಿ ಹೋದಷ್ಟನ್ನು ಮಾತ್ರ ಕಡಲ ನೀರಿನಿಂದ ಭಟ್ಟಿಯಿಳಿಸಿ ತುಂಬಿಕೊಳ್ಳುವರು. ಕೂದಲೆಳೆಯಷ್ಟು ಬಿರುಕಿನಿಂದ ಕಡಲು ಒಳನುಸುಳಿದರೂ ಅನರ್ಥವೇ. ಆದುದರಿಂದ ಸರದಿಗೊಮ್ಮೆ ನೀರಿನ ಮಾದರಿಗೆ ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟು ನೋಡುವರು. ಹಾಲಿನಂತೆ ಬೆಳ್ಳಗಾದರೆ ಉಪ್ಪು ಸೇರಿದೆಯೆಂದರ್ಥ.

ಪಂಪಿನ ಮಾತು ಬಂದಾಗ ಅಫಜಲಪುರದ ಹುಡುಗರು ಕಿವಿ ನಿಮಿರಿಸುವರು. ಭೀಮೆಯ ದಂಡೆಗೆ ಪಂಪ್‌ಸೆಟ್ಟು ಹೂಡಿದ ರೈತರ ಮಕ್ಕಳು ಅವರು. ಬೇಸಿಗೆಯಲ್ಲಿ ಹೊಳೆ ಇಳಿದಂತೆಲ್ಲ ಪಂಪನ್ನೂ ಕೆಳಗೆ ಇಳಿಸಬೇಕೆಂಬುದನ್ನು ಅವರು ಕಂಡಿದ್ದಾರೆ. ಕಾರಣವನ್ನು ಮುತ್ಯಾ ವಿವರಿಸಿದರು. ಪಂಪು ನೀರನ್ನು ಸೆಳೆಯುತ್ತದೆಂಬುದು ನಮ್ಮ ಭ್ರಮೆ. ಪಂಪು ಕೊಳವೆಯೊಳಗಿನ ಗಾಳಿಯನ್ನು ತೆಗೆದು ಎಡೆ ಮಾಡಿಕೊಡುತ್ತದೆ. ಹೊಳೆಯ ಮೇಲೆ ಕುಳಿತ ವಾಯುಮಂಡಲದ ಭಾರವೇ ನೀರನ್ನು ಮೇಲಕ್ಕೆ ನೂಕುತ್ತದೆ. ಆ ಭಾರ ಕಡಲ ಮಟ್ಟದಲ್ಲಿ ನೀರನ್ನು ನೂಕಬಲ್ಲದ್ದು ಹೆಚ್ಚೆಂದರೆ 10.3 ಮೀಟರು. ನಮ್ಮ ಎತ್ತರದ ನಾಡಿನಲ್ಲಿ ಇನ್ನೂ ಕಡಿಮೆ. ಬಳಕೆಯಲ್ಲಿ ಆರೇಳು ಮೀಟರು ಸಿಕ್ಕಿದರೆ ಹೆಚ್ಚು. ಆದರೆ ಪಂಪಿನ ಒಳಹೊಕ್ಕ ನೀರನ್ನು ಎಷ್ಟು ಎತ್ತರಕ್ಕೆ ಒತ್ತಬಹುದೆಂಬುದಕ್ಕೆ ಪಂಪಿನ ಶಕ್ತಿಯೇ ಮಿತಿ.

ಬಾಯ್ಲರಿಗೆ ನೀರುಣಿಸುವ ಪಂಪಿನ ಪಾಡು ಇದಕ್ಕಿಂತ ಕಠಿಣವಾದುದು. ಬಾಯ್ಲರಿನೊಳಗೆ ಚದರ ಸೆಂಟಿಮೀಟರಿಗೆ 10 ಕಿಲೋ ಒತ್ತಡವಿದ್ದರೆ, ಅಲ್ಲಿಗೆ ನೀರು ನುಗ್ಗಿಸುವುದು 100 ಮೀಟರ್ ಎತ್ತರಕ್ಕೆ ನೀರೆತ್ತಿದಷ್ಟೇ ಕೆಲಸ. ವಿದ್ಯುತ್ತನ್ನೂ ಉತ್ಪಾದಿಸುವ ಇಂದಿನ ಸಕ್ಕರೆ ಕಾರ್ಖಾನೆಗಳ ಬಾಯ್ಲರುಗಳಲ್ಲಿ 67, 87 ಕಿಲೋ ಒತ್ತಡ ಸಾಮಾನ್ಯ. ಅದಲ್ಲದೆ ಉಣಿಸುವ ನೀರು ಬಿಸಿಯಾದುದು. ಕುದಿತಕ್ಕೆ ಸಮೀಪವಿರುವ ನೀರಿನ ಮೇಲಣ ಒತ್ತಡ ತುಸು ಇಳಿದರೂ ಅದು ಪಂಪಿನ ಬಾಯಲ್ಲಿಯೇ ಹಬೆಯಾಗಿಬಿಡುತ್ತದೆ. ಹಬೆ ತುಂಬಿದ ಪಂಪು ಬರಿದೇ ತಿರುಗುತ್ತದೆ, ನೀರನ್ನು ಒತ್ತಲಾರದು. ಆದುದರಿಂದಲೇ ಬಿಸಿನೀರಿನ ತೊಟ್ಟಿಯನ್ನು ಪಂಪಿಗಿಂತ ಬಹು ಎತ್ತರದಲ್ಲಿಡುವರು. ಸೆಳೆಯುವ ಮಾತೇ ಇಲ್ಲ, ನೀರು ತನ್ನ ಭಾರದಿಂದಲೇ ಪಂಪಿಗೆ ಇಳಿದು ಬರಬೇಕು.

ಹಡಗಿನ ಬಾಯ್ಲರುಗಳಲ್ಲಿ ಎರಡು ಕುಲ. ಹಳೆಯದರಲ್ಲಿ ಬೆಂಕಿಯ ಹೊಗೆ ಕೊಳವೆಯೊಳಗೆ, ನೀರು ಸುತ್ತ. ಹೊಸದರಲ್ಲಿ ನೀರು ಕೊಳವೆಯೊಳಗೆ, ಬೆಂಕಿ ಸುತ್ತ. ಎರಡನೆಯದು ಹಗುರ, ಬೇಗ ಹಬೆ ಕೊಡುತ್ತದೆ, ಹೆಚ್ಚಿನ ಒತ್ತಡ ತಾಳುತ್ತದೆ. ಆದರೆ ಅದರಲ್ಲಿ ನೀರಿನ ಸಂಗ್ರಹ ಕಡಿಮೆಯಾದುದರಿಂದ ಕಾವಲುಗಾರನು ಕಣ್ಣು ಮಿಟುಕಿಸುವಂತಿಲ್ಲ. ಕರ್ನಾಟಕದ ಕಾರವಾರವನ್ನು ನೆಲೆಯಾಗಿ ಮಾಡಿಕೊಂಡ ಐಎನ್‌ಎಸ್ ವಿಕ್ರಮಾದಿತ್ಯ ಎಂಬ ಯುದ್ಧನೌಕೆ ಎಂಟು ಬಾಯ್ಲರುಗಳ ಉಗಿಯಿಂದಲೇ ಚಲಿಸುವ ಹಡಗು. 2012ರಲ್ಲಿ ರಷ್ಯದ ಉತ್ತರದ ಕಡಲಿನಲ್ಲಿ ಅದನ್ನು ಪೂರ್ಣ ವೇಗದಲ್ಲಿ ಪರೀಕ್ಷಿಸುವಾಗ, ಬೆಂಕಿಗೂಡಿನ ಒಳಮೈಯ ಇಟ್ಟಿಗೆಗಳು ಶಾಖ ತಾಳಲಾರದೆ ಕೆಟ್ಟು ಎಂಟರಲ್ಲಿ ಏಳು ಬಾಯ್ಲರುಗಳು ಕೈಕೊಟ್ಟವು. ದುರಸ್ತಿಗೆ ತಿಂಗಳುಗಳೇ ಹಿಡಿದು ಹಡಗು 2013ರ ನವೆಂಬರಿನಲ್ಲಿ ನೌಕಾಪಡೆಗೆ ಸೇರಿತು. ನಲವತ್ತು ಸಾವಿರ ಟನ್ನಿಗೂ ಮಿಗಿಲಾದ ಹಡಗನ್ನು ತಡೆದು ನಿಲ್ಲಿಸಿದ್ದು ಇಟ್ಟಿಗೆ ಎಂಬ ಸುದ್ದಿಯನ್ನು ಮುತ್ಯಾ ಪತ್ರಿಕೆಯಿಂದ ಹುಡುಗರಿಗೆ ಓದಿ ಹೇಳಿದ್ದುಂಟು.

ಆಳಂದ ತಾಲೂಕಿನ ಭೂಸನೂರು, ಅಫಜಲಪುರ ತಾಲೂಕಿನ ಹವಳಗಾ, ಜೇವರ್ಗಿ ಸೀಮೆಯ ಮಳ್ಳಿಗಳಲ್ಲಿ ಇಂದು ಸಕ್ಕರೆ ಕಾರ್ಖಾನೆಗಳ ಹೊಗೆಗೊಳವೆಗಳು ಕಾಣುತ್ತವೆ. ಹಡಗಿಗೂ ಇವುಗಳಿಗೂ ಎಲ್ಲಿಯ ನಂಟು ಎನ್ನಬಹುದು. ನಂಟು ಹತ್ತಿರದ್ದೇ. ಕಬ್ಬನ್ನು ಹಿಂಡಿ ಉಳಿದ ಸಿಪ್ಪೆಯೇ ಇಲ್ಲಿಯ ಉರುವಲು. ಅರ್ಧದಷ್ಟು ತೇವವಿದ್ದರೂ ಒಂದು ಕಿಲೋ ಸಿಪ್ಪೆ ಎರಡು ಕಿಲೋಗೂ ತುಸು ಮಿಗಿಲಾಗಿ ಹಬೆ ಕೊಡುತ್ತದೆ. ರಸವನ್ನು ಕುದಿಸಿದ ಹಬೆ ತಣಿದು ನೀರಾಗಿ ಬಾಯ್ಲರಿಗೆ ಮರಳುತ್ತದೆ. ಹಡಗಿನಲ್ಲಿ ಉಪ್ಪಿನ ಭಯವಿದ್ದಂತೆ ಇಲ್ಲಿ ಸಕ್ಕರೆಯ ಭಯ. ಮರಳುವ ನೀರಿನಲ್ಲಿ ಸಕ್ಕರೆಯ ಸುಳಿವು ಸೇರಿದರೂ ಬಾಯ್ಲರಿನೊಳಗೆ ಅದು ಆಮ್ಲವಾಗಿ ಉಕ್ಕನ್ನು ತಿನ್ನುತ್ತದೆ, ನೊರೆಯೆಬ್ಬಿಸುತ್ತದೆ. ಆದುದರಿಂದ ಆಲ್ಫಾ ನ್ಯಾಫ್ತಾಲಿನ ದ್ರಾವಣವನ್ನೂ ಗಂಧಕಾಮ್ಲವನ್ನೂ ಬಿಟ್ಟು ಪರೀಕ್ಷಿಸುವರು. ನೇರಳೆ ಬಣ್ಣದ ಬಳೆ ಮೂಡಿದರೆ ಆ ನೀರು ಬಾಯ್ಲರಿಗೆ ವರ್ಜ್ಯ.

ಆ ಕಾರ್ಖಾನೆಯಲ್ಲಿದ್ದಾಗಿನ ಒಂದು ಇರುಳಿನ ಪ್ರಸಂಗವನ್ನು ಮುತ್ಯಾ ಬಹಳ ಒತ್ತಾಯಿಸಿದರೆ ಮಾತ್ರ ಹೇಳುವರು. ನುರಿಸುವಿಕೆಯ ಭರದ ದಿನಗಳು. ಅಂಗಳದಲ್ಲಿ ಕಬ್ಬಿನ ಬಂಡಿಗಳ ಸಾಲು. ನಸುಕಿನ ಜಾವಕ್ಕೆ ಪಂಪಿನಿಂದ, ಬೆಣಚುಕಲ್ಲು ತುಂಬಿದ ಡಬ್ಬಿಯನ್ನು ಅಲುಗಿಸಿದಂತಹ ಸಪ್ಪಳ ಬಂದಿತು. ಮೇಲಿನ ತೊಟ್ಟಿಯ ನೀರು ತಗ್ಗಿ, ಉಳಿದ ನೀರು ಅತಿಯಾಗಿ ಕಾದು, ಪಂಪು ಹಬೆ ಹಿಡಿದಿತ್ತು. ಓಡಿ ಬಂದು ಗಾಜಿನ ಕೊಳವೆಯನ್ನು ನೋಡಿದರೆ ನೀರಿನ ಗೆರೆ ಇಲ್ಲ. ಇಲ್ಲಿಯೇ ಇರುವುದು ಈ ವಿದ್ಯೆಯ ಮರ್ಮ: ಪೂರ್ತಿ ತುಂಬಿದ ಗಾಜೂ ಪೂರ್ತಿ ಬರಿದಾದ ಗಾಜೂ ನೋಡುವ ಕಣ್ಣಿಗೆ ಒಂದೇ. ಮುತ್ಯಾ ಮೇಲಿನ ಹಬೆಯ ತಿರುಪು ಮುಚ್ಚಿ ಕೆಳಗಿನ ತೂಬು ತೆರೆದರು. ನೀರು ಬರಲಿಲ್ಲ. ಅಷ್ಟರಲ್ಲಿ ಕಿರಿಯ ಸಹಾಯಕನು ಎರಡನೆಯ ಪಂಪನ್ನು ಚಾಲೂ ಮಾಡಲು ಕೈ ಚಾಚಿದ್ದನು. “ಮುಟ್ಟಬ್ಯಾಡ!” ಎಂದು ಕೂಗಿ ಮುತ್ಯಾ ಅವನ ಕೈಯನ್ನು ತಡೆದರು.

ನೀರು ಹೋದಾಗ ನೀರು ಹಾಕಬೇಕೆನ್ನುವುದು ಸಹಜ ಬುದ್ಧಿ. ಆದರೆ ಬರಿದಾಗಿ ಕೆಂಪಗೆ ಕಾದ ಉಕ್ಕಿನ ಮೇಲೆ ನೀರು ಬಿದ್ದರೆ ಕ್ಷಣದಲ್ಲಿ ಹಬೆಯಾಗುತ್ತದೆ, ಮೆತ್ತಗಾದ ಉಕ್ಕು ಸೀಳುತ್ತದೆ. ಸೀಳಿದ ಮೇಲಿನ ಅನಾಹುತವನ್ನು ಮಾಡುವುದು ಒಳಗಿರುವ ಹಬೆಗಿಂತ ಹೆಚ್ಚಾಗಿ ಒಳಗುಳಿದ ನೀರೇ. 10 ಕಿಲೋ ಒತ್ತಡದಲ್ಲಿ ನೀರು ಸುಮಾರು 184 ಡಿಗ್ರಿ ಬಿಸಿಯಿರುತ್ತದೆ. ಒತ್ತಡ ಒಮ್ಮೆಲೆ ತೊಲಗಿದಾಗ ಅದರ ಆರನೆಯ ಒಂದು ಪಾಲು ಅದೇ ಕ್ಷಣದಲ್ಲಿ ಹಬೆಯಾಗಿ ಸಿಡಿಯುತ್ತದೆ. 1865ರ ಏಪ್ರಿಲಿನಲ್ಲಿ ಅಮೆರಿಕದ ಮಿಸಿಸಿಪಿ ನದಿಯಲ್ಲಿ ಸುಲ್ತಾನಾ ಎಂಬ ಉಗಿದೋಣಿಯ ಬಾಯ್ಲರುಗಳು ಸಿಡಿದು ಸಾವಿರಕ್ಕೂ ಹೆಚ್ಚು ಜನ ಮಡಿದರು. ಸೋರುತ್ತಿದ್ದ ಬಾಯ್ಲರಿಗೆ ಅವಸರದಲ್ಲಿ ತೇಪೆ ಹಚ್ಚಿ ಹೊರಟ ದೋಣಿ ಅದು.

ಮುತ್ಯಾ ಸಿಪ್ಪೆ ಬೀಳುವುದನ್ನು ನಿಲ್ಲಿಸಿದರು, ಗಾಳಿಯ ಫ್ಯಾನುಗಳನ್ನು ನಿಲ್ಲಿಸಿದರು, ಎಲ್ಲರನ್ನೂ ಹೊರಗೆ ಕಳಿಸಿ ತಾವು ಬಾಗಿಲಲ್ಲಿ ನಿಂತರು. ಗಾಣ ನಿಂತಿತು, ದೀಪಗಳು ಆರಿದವು. ಬಾಯ್ಲರು ತಾನಾಗಿ ತಣಿಯುವವರೆಗೆ ಕಾಯಬೇಕೆಂದಾಗ ಮೇಲಿನವರು ಸಿಡಿಮಿಡಿಗೊಂಡರು, ಅಂಗಳದ ರೈತರು ಕೂಗಾಡಿದರು. ಒಣಗುತ್ತಿದ್ದ ಕಬ್ಬು ಅವರದು. ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಆ ನಷ್ಟವೂ ಅವರದೇ. ಅವರಲ್ಲಿ ಒಬ್ಬರು ಮುತ್ಯಾ ಅವರ ಬೀಗರೇ ಆಗಿದ್ದರು. ಬೆಳಗಾದ ಮೇಲೆ ಬಾಯ್ಲರನ್ನು ತೆರೆದು ನೋಡಿದಾಗ ಮೇಲಿನ ಸಾಲಿನ ಕೊಳವೆಗಳು ಉಬ್ಬಿ ನಿಂತಿದ್ದವು. ಯಾರೂ ಮಾತಾಡಲಿಲ್ಲ. ಬೀಗರು ಮಾತ್ರ ಬಂಡಿಯ ನೊಗದ ಮೇಲೆ ಕುಳಿತು, ತಮ್ಮ ಬುತ್ತಿಯ ರೊಟ್ಟಿಯನ್ನು ಮುರಿದು ಅರ್ಧವನ್ನು ಮುತ್ಯಾ ಅವರ ಕೈಗಿತ್ತರು. “ಅದಕಿಂತ ದೊಡ್ಡ ಪ್ರಶಸ್ತಿ ನನಗ ಬಂದಿಲ್ಲ” ಎಂದು ಮುತ್ಯಾ ಕತೆ ಮುಗಿಸುವರು.

ಈ ಕತೆಗೆ ಉತ್ತರಭಾಗವೊಂದು ಶಾಲೆಯ ಅಂಗಳದಲ್ಲಿಯೇ ನಡೆಯಿತು. ಪ್ರಸಾದ ನಿಲಯದ ಅಡುಗೆಗೆ ಉದಾರಿಗಳೊಬ್ಬರು ವರ್ಷಗಳ ಹಿಂದೆ ಹಬೆಯ ಬಾಯ್ಲರೊಂದನ್ನು ದಾನವಾಗಿ ಕೊಟ್ಟಿದ್ದರು. ಸೌದೆಯ ಹೊಗೆ ತಪ್ಪಿತು. ಒಂದು ತಾಸಿನಲ್ಲಿ ನೂರಾರು ಮಕ್ಕಳ ಅನ್ನ, ಬೇಳೆ ಬೇಯುವಂತಾಯಿತು. ದಾನಿಗಳ ಹೆಸರಿನ ಹಿತ್ತಾಳೆಯ ಫಲಕವನ್ನು ಹಬ್ಬಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದರು. ಒಂದು ದಿನ ಊಟಕ್ಕೆಂದು ಬಂದ ಮುತ್ಯಾ ಅಡುಗೆಮನೆಗೆ ಹೋಗಿ, ಅತಿಯಾದ ಒತ್ತಡವನ್ನು ಹೊರಬಿಡುವ ಸುರಕ್ಷಾ ಕವಾಟದ ಸನ್ನೆಯನ್ನು ಎತ್ತಿ ನೋಡಿದರು. ಅದು ಏಳಲಿಲ್ಲ. ಕೊಳವೆಬಾವಿಯ ಗಡಸು ನೀರು ಅದನ್ನು ಕಲ್ಲಾಗಿಸಿತ್ತು. ಗಾಜಿನ ಕೊಳವೆಯೂ ಒಳಗಿನ ಮಟ್ಟ ಕಾಣದಷ್ಟು ಮಸುಕಾಗಿತ್ತು. ಅದರಿಂದ ಹತ್ತು ಹೆಜ್ಜೆಯಾಚೆ ಮಕ್ಕಳು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಮುತ್ಯಾ ಮಾತಾಡದೆ ಉರಿಯನ್ನು ಆರಿಸಿದರು.

ಆಮೇಲೆ ಕೆಲವು ವಾರ ಅಡುಗೆ ಸೌದೆಯ ಒಲೆಯ ಮೇಲೆಯೇ ಆಯಿತು. ಅಡುಗೆಯವರು ಗೊಣಗಿದರು. ತಮ್ಮ ದಾನವನ್ನು ಹೀಗಳೆದಂತಾಯಿತೆಂದು ದಾನಿಗಳಿಗೂ ನೋವಾಯಿತು. ಅವರು ಬಂದು ಕೇಳಿದಾಗ ಮುತ್ಯಾ ಕೈಮುಗಿದು ಹೇಳಿದ್ದು ಇಷ್ಟೇ: “ಸಾವಕಾರ್ರೇ, ಹಂಡೇನ ನೀವು ಕೊಟ್ರಿ, ಪುಣ್ಯಾ ಬರ್ಲಿ. ಅದನ್ನ ನೋಡೂ ಕಣ್ಣು ಯಾರು ಕೊಡ್ತಾರ್ರೀ?”

ದಾನಿಗಳು ಬಹಳ ಹೊತ್ತು ಸುಮ್ಮನಿದ್ದರು. ಬಾಯ್ಲರಿನ ಪಾಲನೆಗೆ ದೇಶದಲ್ಲಿ ಕಾನೂನಿದೆ. 1923ರ ಭಾರತೀಯ ಬಾಯ್ಲರ್ ಕಾನೂನಿನ ಸ್ಥಾನಕ್ಕೆ 2025ರಲ್ಲಿ ಹೊಸ ಕಾನೂನು ಬಂದಿದೆ. ಕಾರ್ಖಾನೆಯ ಬಾಯ್ಲರಿಗೆ ಕಾಲಕಾಲಕ್ಕೆ ತಪಾಸಣೆ, ಪ್ರಮಾಣಪತ್ರ ಪಡೆದ ಕಾವಲುಗಾರ, ಸುರಕ್ಷಾ ಕವಾಟಗಳು, ಮಟ್ಟ ತೋರುವ ಗಾಜುಗಳು ಇರಲೇಬೇಕು. ಆದರೆ ಒಂದು ಕಿಲೋಗಿಂತ ಕಡಿಮೆ ಒತ್ತಡದ ಪಾತ್ರೆ ಆ ಹಳೆಯ ಕಾನೂನಿನ ವ್ಯಾಖ್ಯೆಯ ಹೊರಗೇ ಉಳಿದಿತ್ತು. ಅಂಥ ಪಾತ್ರೆಯನ್ನು ಕಾಯಬೇಕಾದುದು ಕಾನೂನಲ್ಲ, ಮನುಷ್ಯ. ದಾನಿಗಳು ಹೊಸ ಕವಾಟವನ್ನೂ, ನೀರನ್ನು ಮೃದುಗೊಳಿಸುವ ಸಾಧನವನ್ನೂ ಕೊಡಿಸಿದರು; ಅದಕ್ಕಿಂತ ಮಿಗಿಲಾಗಿ ಪ್ರತಿ ತಿಂಗಳ ಪಾಲನೆಯ ವೆಚ್ಚವನ್ನು ವಹಿಸಿಕೊಂಡರು. ಅದಕ್ಕೆ ಫಲಕವಿಲ್ಲ, ಅದು ಬೇಕೆಂದು ಅವರೂ ಕೇಳಲಿಲ್ಲ.

ಈಗ ಆ ಅಡುಗೆಮನೆಯ ಮೊಳೆಗೆ ಒಂದು ವಹಿ ತೂಗುತ್ತದೆ. ದಿನವೂ ಬೆಳಿಗ್ಗೆ ಉರಿ ಹೊತ್ತಿಸುವ ಮುನ್ನ ಗಾಜಿನ ಮಟ್ಟ ನೋಡುವುದು, ತೂಬು ತೆರೆದು ಗಾಜನ್ನು ತೊಳೆಯುವುದು, ಹಬೆಯೇರಿದ ಮೇಲೆ ಕವಾಟದ ಸನ್ನೆ ಎತ್ತಿ ನೋಡುವುದು, ತಳದ ಕೆಸರನ್ನು ಹೊರಬಿಡುವುದು ಇವೆಲ್ಲವನ್ನೂ ಮಾಡಿ ಅಡುಗೆಯವರು ಅದರಲ್ಲಿ ರುಜು ಹಾಕುವರು. ಹಿಂದೆ ಗೊಣಗಿದವರೇ ಅವರು. ಮುತ್ಯಾ ಬಂದಾಗ ಮೊದಲು ವಹಿಯನ್ನು ತಿರುವಿ ನೋಡಿ, ಆಮೇಲೆ ಎಲೆಯ ಮುಂದೆ ಕೂಡುವರು.

ಶಾಲೆಗೆ ಕಟ್ಟಡ ಕೊಟ್ಟವರು, ಗಂಟೆ ಕೊಟ್ಟವರು, ಪುಸ್ತಕ ಕೊಟ್ಟವರು ಹಲವರು. ಅವರೆಲ್ಲರ ಹೆಸರು ಈ ಸಂಚಿಕೆಯ ಪುಟಗಳಲ್ಲಿರುವುದು ನ್ಯಾಯವೇ. ಕೊಟ್ಟದ್ದನ್ನು ದಿನದಿನವೂ ಕಾಯುವವರ ಹೆಸರು ಸಾಮಾನ್ಯವಾಗಿ ಯಾವ ಪುಟದಲ್ಲಿಯೂ ಇರುವುದಿಲ್ಲ. ಅವರ ಕೆಲಸ ಸರಿಯಾಗಿ ನಡೆದಿದೆಯೆಂಬುದಕ್ಕೆ ಇರುವ ಒಂದೇ ಸಾಕ್ಷಿ, ಏನೂ ಆಗದಿರುವುದು. ಪ್ರಸಾದ ನಿಲಯದ ಗಂಟೆ ಬಾರಿಸುತ್ತದೆ, ಮಕ್ಕಳು ಬಂದು ಸಾಲಾಗಿ ಕೂಡುತ್ತಾರೆ, ಬಿಸಿ ಅನ್ನ ಎಲೆಗೆ ಬೀಳುತ್ತದೆ. ಗೋಡೆಯಾಚೆ ಗಾಜಿನ ಕೊಳವೆಯಲ್ಲಿ ನೀರಿನ ಗೆರೆ ಅರ್ಧ ಮಟ್ಟದಲ್ಲಿ ಸಣ್ಣಗೆ ಅಲುಗುತ್ತಿರುತ್ತದೆ.